ಕೇಸರಿಬಾತಿಗೆ ಮೊದಲೇ ನುಂಗಿದ ಮಾತ್ರೆ

ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಇವತ್ತು ಬೆಳಗ್ಗೆ ಏಳುವವರೆಗೆ ಬಾಯಿಗೆ ಹೋದದ್ದನ್ನೆಲ್ಲ ಹೇಳಿ ಎಂದು ಜನರನ್ನು ಕೇಳುವುದು ನನ್ನ ಕೆಲಸವಾಗಿತ್ತು. ಶ್ರೀರಂಗಪಟ್ಟಣದಲ್ಲಿ ಒಂದು ಕೋಣೆ ಹಿಡಿದು, ಅಲ್ಲಿಂದ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಿಗೆ ಬೈಕಿನಲ್ಲಿ ಹೋಗಿ ಬರುತ್ತಿದ್ದೆ. ಮೂವತ್ತು ದಾಟದ ಹುಡುಗ ಹುಡುಗಿಯರು ಏನು ತಿನ್ನುತ್ತಾರೆ, ಯಾರ ಮಾತಿಗೆ, ಯಾವ ಅಂಜಿಕೆಗೆ ತಿನ್ನುತ್ತಾರೆ, ಒಳ್ಳೆಯದು ಯಾವುದೆಂದು ಗೊತ್ತಿದ್ದೂ ಯಾಕೆ ತಿನ್ನುವುದಿಲ್ಲ ಎಂಬುದು ಅಧ್ಯಯನದ ವಿಷಯ.

ಕೇಳುವುದಕ್ಕೆ ಒಂದು ಕ್ರಮವಿದೆ. ಮೊದಲ ಸುತ್ತಿನಲ್ಲಿ ನಡುವೆ ಬಾಯಿ ಹಾಕದೆ ಅವರು ಹೇಳಿದಷ್ಟನ್ನು ಬರೆದುಕೊಳ್ಳಬೇಕು. ಎರಡನೆಯ ಸುತ್ತಿನಲ್ಲಿ ಮರೆತದ್ದನ್ನು ಕೆದಕಬೇಕು. ಟೀ, ಬಿಸ್ಕತ್ತು, ಯಾರೋ ಕೈಗಿಟ್ಟ ಬಾಳೆಹಣ್ಣು, ದೇವಸ್ಥಾನದ ಪ್ರಸಾದ ಇವೆಲ್ಲ ಆಗ ಹೊರಬರುತ್ತವೆ. ಕೊನೆಯ ಸುತ್ತು ಅಳತೆಯದು. ಅದಕ್ಕೆಂದು ನನ್ನ ಚೀಲದಲ್ಲಿ ಲೋಟ, ಸೌಟುಗಳ ಜೊತೆ ಬಡಗಿಯೊಬ್ಬನಿಂದ ಕಡೆಸಿದ ಮರದ ಮೂರು ಮುದ್ದೆಗಳಿದ್ದವು, ಸಣ್ಣದು, ಮಧ್ಯಮ, ದೊಡ್ಡದು. ಪಾಂಡವಪುರದ ಕಡೆ ಅವನ್ನು ಹೊರತೆಗೆದ ಮೊದಲ ದಿನವೇ ಜಗುಲಿ ತುಂಬ ನಗು. ದೊಡ್ಡದನ್ನು ಕೈಯಲ್ಲಿ ಆಡಿಸುತ್ತ ಒಬ್ಬಾತ, “ಇದೇನ್ ಸಾ, ಕೂಸಿಗೆ ಉಣ್ಸಕ್ಕಾ?” ಎಂದ. ಆಮೇಲೆ ಇನ್ನೂ ದೊಡ್ಡದೊಂದನ್ನು ಮಾಡಿಸಬೇಕಾಯಿತು.

ನಾನು ನೆನಪನ್ನು ನಂಬುವವನಲ್ಲ. ನಿನ್ನೆಯ ಊಟವನ್ನು ಜನ ನೆನಪಿಸಿಕೊಳ್ಳುವಾಗ ಅದನ್ನು ಸ್ವಲ್ಪ ತಿದ್ದುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ತಿದ್ದಿದ್ದು ಅವರಿಗೇ ಗೊತ್ತಿರುವುದಿಲ್ಲ. ಈ ಬರಹಕ್ಕೂ ಆ ಮಾತು ಅನ್ವಯಿಸುತ್ತದೆ. ಒಂದು ಜಾಗದಲ್ಲಿ ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲ. ಅಲ್ಲಿಗೆ ಬಂದಾಗ ಹೇಳುತ್ತೇನೆ.

ಕಬ್ಬು ಅರೆಯುವ ಕಾಲ ಶುರುವಾದಾಗ ಪಾಂಡವಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಆ ಹುಡುಗ ಸಿಕ್ಕಿದ. ಹುಡುಗ ಎನ್ನುವುದು ಅಲ್ಲಿನವರ ಮಾತು. ಮದುವೆಯಾಗದವನು ಮೂವತ್ತರ ಹತ್ತಿರ ಬಂದರೂ ಹುಡುಗನೇ. ಸ್ವಂತದ ಟ್ರಾಕ್ಟರಿನಲ್ಲಿ ಊರಿನವರ ಕಬ್ಬನ್ನು ಕಾರ್ಖಾನೆಗೆ ಹೊಡೆಯುತ್ತಿದ್ದ, ಮನೆಯಲ್ಲಿ ಹಸುಗಳಿದ್ದವು, ಡಿಪ್ಲೊಮಾ ಅರ್ಧಕ್ಕೆ ಬಿಟ್ಟಿದ್ದ. ಅಪ್ಪ ಇಲ್ಲ. ಅವ್ವ ಮತ್ತು ಅವನು. ಅವನ ಉತ್ತರಗಳು ನನಗೆ ಅನುಮಾನ ಬರುವಷ್ಟು ಚೆನ್ನಾಗಿದ್ದವು. ಬೆಳಗ್ಗೆ ಮುದ್ದೆ, ಸೊಪ್ಪಿನ ಸಾರು. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೇಲೆ ಮಜ್ಜಿಗೆ. ಟೀ ಸಕ್ಕರೆ ಇಲ್ಲದೆ. ನನ್ನ ವಯಸ್ಸಿನ ಹಳ್ಳಿಯ ಗಂಡಸು ಸಕ್ಕರೆ ಇಲ್ಲದ ಟೀ ಕುಡಿಯುತ್ತಾನೆ ಎಂದರೆ ನಾನು ನಂಬಲಿಲ್ಲ. ಎರಡನೆಯ ಸುತ್ತಿನಲ್ಲಿ ಅಲ್ಲೇ ಕೆದಕಿದೆ. ಅವನು ಅವ್ವನ ಮುಖ ನೋಡಿದ. ಅವ್ವ ಎದ್ದು ಬೀದಿ ಬಾಗಿಲು ಹಾಕಿ ಬಂದಳು.

ಅವನಿಗೆ ಸಕ್ಕರೆ ಕಾಯಿಲೆ. ಗೊತ್ತಾಗಿ ಒಂದು ವರ್ಷದ ಮೇಲಾಗಿತ್ತು. ಮೈಸೂರಿಗೆ ಹೋಗಿ ತೋರಿಸುತ್ತಿದ್ದ, ಪಾಂಡವಪುರದಲ್ಲಾದರೆ ಔಷಧಿ ಅಂಗಡಿಯವನೂ ನೆಂಟನೇ. ಹೇಳಿದ ಮಾತು ನನ್ನಿಂದ ಯಾರಿಗೂ ಹೋಗುವುದಿಲ್ಲ ಎಂದು ನಾನು ಮೊದಲಿಗೇ ಓದಿ ಹೇಳಿದ್ದೆ. ಅವ್ವ ಅದನ್ನು ಇನ್ನೊಮ್ಮೆ ಬಾಯಿಬಿಟ್ಟು ಹೇಳಿಸಿಕೊಂಡಳು. ಮನೆಯಲ್ಲಿ ಒಲೆಯ ಪಕ್ಕ ಸಕ್ಕರೆ ಡಬ್ಬವೇ ಇರಲಿಲ್ಲ. ನೆಂಟರು ಬಂದರೆ ಇರಲಿ ಎಂದು ಒಂದಿಷ್ಟನ್ನು ಅಟ್ಟದ ಮೇಲೆ ಇಟ್ಟಿದ್ದಳು. ಆಕೆಯೇ ಆ ಮನೆಯ ಪಥ್ಯ, ಆಕೆಯೇ ಕಾವಲು.

ನನ್ನ ಪ್ರಶ್ನೆಪತ್ರದಲ್ಲಿ ಒಂದು ಪ್ರಶ್ನೆ ಇತ್ತು: ಒಳ್ಳೆಯ ಆಹಾರ ತಿನ್ನಲು ಮನೆಯವರ ಬೆಂಬಲ ಇದೆಯೇ? ಇಲ್ಲ, ಸ್ವಲ್ಪ, ಬಹಳ. ಅವನು ನಕ್ಕು, “ಅವ್ವ ಇರೋಗಂಟ ಬಾಳ ಅದೆ ಅಂತ ಬರ್ಕಳಿ” ಎಂದ. ಅವ್ವ ಅವನ ತಲೆಗೊಂದು ಮೊಟಕಿದಳು.

“ಒರಗೆ ಏನ್ ತಿಂತಾನೋ ನಾ ಕಾಣೆ ಕಣಪ್ಪ,” ಎಂದಳು ನನಗೆ. “ಒಸ್ಲೊಳಗೆ ಮಾತ್ರ ನಂದು.”

ಹೊಸಿಲ ಹೊರಗೆ ಅವನು ಏನು ತಿನ್ನುತ್ತಾನೆಂದು ನೋಡಲು ಕಾರ್ಖಾನೆಯ ಮುಂದಿನ ಸಾಲಿಗೆ ಹೋದೆ. ಕಬ್ಬಿನ ಟ್ರಾಕ್ಟರುಗಳು ತೂಕಕ್ಕೆ ಗಂಟೆಗಟ್ಟಲೆ ಕಾಯುತ್ತವೆ. ಕಾಯುವಾಗ ಮಾಡಲು ಬೇರೆ ಏನೂ ಇಲ್ಲ. ಒಬ್ಬ ಎಲ್ಲರಿಗೂ ಟೀ ಹೇಳುತ್ತಾನೆ, ಇನ್ನೊಬ್ಬ ಬೋಂಡ ಕಟ್ಟಿಸುತ್ತಾನೆ, ಮತ್ತೊಬ್ಬನ ಸರದಿಯಲ್ಲಿ ಬೆಣ್ಣೆ ಬನ್ನು. ಆಲೆಮನೆ ಕಡೆಯಿಂದ ಬಂದವನು ಬಿಸಿ ಬೆಲ್ಲವನ್ನು ಎಲೆಯಲ್ಲಿ ತಂದು ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಇಟ್ಟು ಎಲ್ಲರನ್ನೂ ಕರೆಯುತ್ತಾನೆ. ನಮ್ಮ ಹುಡುಗ ಎಲ್ಲವನ್ನೂ ತಿಂದ. ತಿನ್ನುವುದಷ್ಟೇ ಅಲ್ಲ, ಎಲ್ಲರಿಗಿಂತ ಮೊದಲು ಕೈ ಹಾಕುತ್ತಿದ್ದ. ಮರುದಿನ ಕೇಳಿದ್ದಕ್ಕೆ ಕಾರಣ ಹೇಳಿದ.

“ಟೀ ಬ್ಯಾಡ ಅನ್ನಿ ನೋಡವ. ‘ಏನ್ಲಾ, ಸಕ್ಕರೆ ಬಂದ್ಬುಟ್ಟದಾ?’ ಅಂತಾರೆ. ತಮಾಸೆಗೇ ಅನ್ನೋದು. ನಾಳೆ ಒತ್ತಾರೆಗೆ ಅದು ಕಿಕ್ಕೇರಿ ಮುಟ್ಟಿರ್ತದೆ.”

ಕಿಕ್ಕೇರಿ ಎಂದದ್ದು ಸುಮ್ಮನೆ ಅಲ್ಲ. ಆ ಕಡೆ ಒಂದು ಹೆಣ್ಣಿನ ಮಾತು ನಡೆಯುತ್ತಿತ್ತು. ಹೊಲ, ಹಸು, ಟ್ರಾಕ್ಟರು ಇದ್ದರೂ ಹಳ್ಳಿಯಲ್ಲೇ ಉಳಿದ ಹುಡುಗನಿಗೆ ಹೆಣ್ಣು ಸಿಗುವುದೇ ಕಷ್ಟ. ಅವನ ಸೋದರಮಾವ ಎರಡು ವರ್ಷದಿಂದ ನಾಲ್ಕು ತಾಲ್ಲೂಕು ಸುತ್ತುತ್ತಿದ್ದ. ಹುಡುಗನ ಕಡೆಯ ವಿಚಾರ ತಿಳಿಯಲು ಹೆಣ್ಣಿನವರು ಊರಿಗೆ ಬಂದರೆ ನೇರ ಮನೆಗೆ ಬರುವುದಿಲ್ಲ, ಟೀ ಅಂಗಡಿಗೂ ಡೇರಿಗೂ ಹೋಗುತ್ತಾರೆ. ಆದ್ದರಿಂದ ಟೀ ಅಂಗಡಿಯಲ್ಲಿ ಸಕ್ಕರೆ ಹಾಕಿದ ಟೀ ಕುಡಿಯುವುದು ಅವನ ಮದುವೆಯ ಕೆಲಸದ ಭಾಗವಾಗಿತ್ತು.

ಭಾನುವಾರಗಳು ಇನ್ನೂ ಕಷ್ಟ. ಹೆಣ್ಣು ನೋಡಲು ಹೋದಲ್ಲೆಲ್ಲ ಉಪ್ಪಿಟ್ಟು, ಕೇಸರಿಬಾತು, ಬಾಳೆಹಣ್ಣು, ಕಾಫಿ. ತಟ್ಟೆಯಲ್ಲಿ ಸಿಹಿ ಬಿಟ್ಟರೆ ಹೆಣ್ಣು ಒಪ್ಪಿಗೆಯಾಗಲಿಲ್ಲ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಅದಕ್ಕೆ ಅವನೊಂದು ಉಪಾಯ ಮಾಡಿಕೊಂಡಿದ್ದ. ಆ ದಿನ ಮಧ್ಯಾಹ್ನ ಉಣ್ಣುತ್ತಿರಲಿಲ್ಲ, ದಾರಿಯಲ್ಲೇ ಮಾತ್ರೆಯನ್ನು ಎರಡರಷ್ಟು ನುಂಗುತ್ತಿದ್ದ. ಕೇಸರಿಬಾತಿಗೆ ಅಡ್ವಾನ್ಸು ಎಂದು ಅದಕ್ಕೆ ಹೆಸರಿಟ್ಟಿದ್ದ. ಡಾಕ್ಟರನ್ನು ಕೇಳದೆ ಹಾಗೆ ಮಾಡಬಾರದು, ಊಟವಿಲ್ಲದೆ ಆ ಮಾತ್ರೆ ಅಪಾಯ ಎಂದು ನಾನು ಹೇಳಿದೆ. ಅವನಿಗೆ ಅದೂ ಗೊತ್ತಿತ್ತು. ಒಪ್ಪಿದ. ಇದುವರೆಗೆ ಏನೂ ಆಗಿಲ್ಲ ಎಂದೂ ಹೇಳಿದ. ನಮ್ಮ ಅಧ್ಯಯನ ಹೊರಟದ್ದೇ ತಿಳಿವಳಿಕೆ ಹೆಚ್ಚಿದರೆ ಊಟ ಸರಿಹೋಗುತ್ತದೆ ಎಂಬ ಊಹೆಯಿಂದ. ಇವನ ತಿಳಿವಳಿಕೆಗೆ ನಾನು ಸೇರಿಸಬಹುದಾದದ್ದು ಏನೂ ಇರಲಿಲ್ಲ.

ನನ್ನ ಮಾರ್ಗದರ್ಶಕರಿಗೆ ಇದನ್ನು ಹೆಸರಿಲ್ಲದೆ ಫೋನಿನಲ್ಲಿ ವಿವರಿಸಿದೆ. ಜನ ಹೇಳಿದ್ದನ್ನು ಬರೆದುಕೊಳ್ಳುವುದು ಸಾಲದು, ಕರೆದರೆ ತಿನ್ನುವ ಜಾಗಕ್ಕೇ ಹೋಗಿ ಕುಳಿತು ನೋಡು, ನೀನಾಗಿ ಏನನ್ನೂ ಬದಲಿಸಬೇಡ ಎಂದರು. ಸೋದರಮಾವನೂ ಕರೆದ. ಓದಿದವರೊಬ್ಬರು ಜೊತೆಗಿದ್ದರೆ ಗಂಡಿನ ಕಡೆಗೆ ತೂಕ ಬರುತ್ತದೆ ಎಂಬುದು ಅವನ ಲೆಕ್ಕ. ಹೀಗೆ ಒಂದು ಭಾನುವಾರ ಬಾಡಿಗೆ ಕಾರಿನಲ್ಲಿ ನಾಗಮಂಗಲದ ಕಡೆಗೆ ಹೊರಟೆವು. ಹುಡುಗ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಜಕ್ಕನಹಳ್ಳಿ ದಾಟಿದ ಮೇಲೆ ನೀರಿನ ಬಾಟಲಿ ಎತ್ತಿ ಏನೋ ನುಂಗಿದ್ದನ್ನು ನೋಡಿದೆ. ಕನ್ನಡಿಯಲ್ಲಿ ನನ್ನ ಕಣ್ಣು ಸಿಕ್ಕಿದ್ದಕ್ಕೆ ಹುಬ್ಬು ಹಾರಿಸಿದ.

ಆಮೇಲೆ ಕಾರಿನ ಟೈರು ಪಂಕ್ಚರಾಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಅದನ್ನು ಸರಿಮಾಡಿಸಿಕೊಂಡು ಹೆಣ್ಣಿನ ಮನೆ ಮುಟ್ಟುವಷ್ಟರಲ್ಲಿ ರಾಹುಕಾಲ ಹಿಡಿದಿತ್ತು. ಹುಡುಗಿಯ ಅಜ್ಜಿ ನಮ್ಮನ್ನು ಚಾಪೆಯ ಮೇಲೆ ಕೂರಿಸಿ ನೀರು ಕೊಟ್ಟು, ಇದು ಕಳೆಯಲಿ, ಆಮೇಲೆ ಹುಡುಗಿಯೇ ತಟ್ಟೆ ತರುತ್ತಾಳೆ ಎಂದಳು. ಅಡುಗೆಮನೆಯಿಂದ ತುಪ್ಪದಲ್ಲಿ ಹುರಿದ ರವೆಯ ವಾಸನೆ ಬರುತ್ತಿತ್ತು. ಸೋದರಮಾವ ಮತ್ತು ಹುಡುಗಿಯ ಅಪ್ಪ ಮಳೆ, ಹಾಲಿನ ರೇಟು, ಹೇಮಾವತಿ ನೀರು ಎಂದು ಮಾತಾಡುತ್ತಿದ್ದರು. ನಾನು ರಾಹುಕಾಲವನ್ನು ನಂಬುವುದಿಲ್ಲ. ಆದರೆ ಪರರ ಮನೆಯಲ್ಲಿ ಚಾಪೆಯ ಮೇಲೆ ಕುಳಿತು ಹಾಗೆನ್ನಲು ಆಗುವುದಿಲ್ಲ.

ಸ್ವಲ್ಪ ಹೊತ್ತಿಗೆ ಹುಡುಗನ ಅಂಗಿ ಬೆನ್ನಿಗೆ ಅಂಟಿತು. ಹೆಣ್ಣು ನೋಡುವ ದಿನ ಎಲ್ಲರೂ ಬೆವರುತ್ತಾರೆ ಎಂದುಕೊಂಡೆ. ಹುಡುಗಿಯ ಅಪ್ಪ ಟ್ರಾಕ್ಟರು ಯಾವ ವರ್ಷದ್ದು ಎಂದು ಕೇಳಿದರು. ಹುಡುಗ ಬಹಳ ಹೊತ್ತು ಯೋಚಿಸಿ ಹಸುವಿನ ಬಗ್ಗೆ ಏನೋ ಹೇಳಿದ. ಮಾತು ನಾಲಿಗೆಯಲ್ಲಿ ತೊಡರುತ್ತಿತ್ತು. ನೀರಿನ ಚೊಂಬು ಎತ್ತಲು ಹೋಗಿ ಚಾಪೆಯ ಮೇಲೆಲ್ಲ ಚೆಲ್ಲಿದ. ಯಾರಿಗೋ ಕೋಪದಲ್ಲಿ ಬೈದ ಹಾಗೆ, “ಎದ್ದೋಗ್ಲಾ” ಎಂದ. ಎದುರಿಗಿದ್ದವರು ಹುಡುಗಿಯ ಅಪ್ಪ.

ಹುಡುಗಿಯ ಅಪ್ಪ ಸೋದರಮಾವನತ್ತ ಬಗ್ಗಿ ಮೆಲ್ಲಗೆ, “ಯಜಮಾನ್ರೇ, ಉಡುಗ ವಸಿ ತಕಂಡು ಬಂದವ್ನಾ?” ಎಂದರು.

ನನಗೆ ಆಗ ಹೊಳೆಯಿತು, ಉಣ್ಣದೆ ನುಂಗಿದ ಮಾತ್ರೆಗೆ ಅವನ ರಕ್ತದ ಸಕ್ಕರೆ ತೀರಾ ಇಳಿದಿದೆ. ಒಂದು ಲೋಟ ನೀರಿಗೆ ಸಕ್ಕರೆ ಹಾಕಿ ತನ್ನಿ, ಬೇಗ ಎಂದೆ. ಅಜ್ಜಿ ಅಮಲಿಗೆ ಸಕ್ಕರೆ ಯಾಕೆ ಎಂದು ಉಪ್ಪು ಹಾಕಿದ ಮಜ್ಜಿಗೆ ತಂದಳು. ಸಕ್ಕರೆ, ಸಕ್ಕರೆ ಎಂದು ಇನ್ನೊಮ್ಮೆ ಹೇಳಿದೆ. ಕುಡಿದವನನ್ನು ಹೊರಗೆ ಗಾಳಿಗೆ ಮಲಗಿಸಿ ಎಂದು ಯಾರೋ ಎತ್ತಲು ಬಂದರು. ನಾನು ಎದ್ದು ಅಡುಗೆಮನೆಗೇ ನುಗ್ಗಿದೆ. ಸೀರೆಯುಟ್ಟು ತಟ್ಟೆಗಳನ್ನು ಜೋಡಿಸುತ್ತಿದ್ದ ಹುಡುಗಿ ಗೋಡೆಗೆ ಸರಿದು ನಿಂತಳು. ಡಬ್ಬದಿಂದ ಸಕ್ಕರೆ ತೆಗೆದು ನೀರಿಗೆ ಕಲಕಿ ತಂದೆ. ಅವನನ್ನು ಎತ್ತಿ ಕೂರಿಸಿ ಗುಟುಕು ಗುಟುಕಾಗಿ ಕುಡಿಸಿದೆ. ಅರ್ಧ ಅಂಗಿಯ ಮೇಲೆ ಹೋಯಿತು. ಮತ್ತೊಂದು ಲೋಟ ಕುಡಿದ ಮೇಲೆ ಅಲೆಯುತ್ತಿದ್ದ ಕಣ್ಣುಗಳು ಒಂದು ಕಡೆ ನಿಂತವು. ಅಡುಗೆಮನೆಯಲ್ಲಿ ಜೋಡಿಸಿದ್ದ ತಟ್ಟೆಯೊಂದನ್ನು ನಾನೇ ತಂದು ಕೇಸರಿಬಾತು ತಿನ್ನಿಸಿದೆ. ಹೆಣ್ಣಿನ ಮನೆಯವರೆಲ್ಲ ನಿಂತು ನೋಡುತ್ತಿದ್ದರು.

ನನ್ನ ನೆನಪು ಕೈಕೊಡುವ ಜಾಗ ಇದು. ಹುಡುಗಿಯ ಅಪ್ಪ ಕೇಳಿದ ಪ್ರಶ್ನೆ ಇನ್ನೂ ಹಾಗೇ ಇತ್ತು. ಸೋದರಮಾವ ತಲೆ ಬಗ್ಗಿಸಿ, ಸ್ನೇಹಿತರು ಸೇರಿದ್ದರು, ಬಲವಂತ ಮಾಡಿಬಿಟ್ಟರು, ದಿನಾ ಕುಡಿಯುವವನಲ್ಲ ಎಂದ. ಹುಡುಗಿಯ ಅಪ್ಪ ಓದಿದವನು ಏನು ಹೇಳುತ್ತಾನೆ ಎಂದು ನನ್ನತ್ತ ತಿರುಗಿದರು. ನಾನು ಸುಮ್ಮನಿದ್ದೆ ಎಂದು ನನ್ನ ನೆನಪು. ನಾನು ತಲೆಯಾಡಿಸಿದೆ ಎಂದು ಸೋದರಮಾವ ಆಮೇಲೆ ಹಲವು ಸಲ, ಮೆಚ್ಚಿಕೊಂಡೇ ಹೇಳಿದ್ದಾನೆ. ಆ ಮನೆಯ ಗೋಡೆಯ ಬಣ್ಣ, ಲೋಟದ ಅಂಚಿನ ನೆಗ್ಗು ನನಗೆ ನೆನಪಿದೆ. ನನ್ನ ತಲೆ ಏನು ಮಾಡಿತು ಎಂಬುದು ಮಾತ್ರ ನೆನಪಿಲ್ಲ. ನನ್ನ ಮುಂದೆ ಯಾರಾದರೂ ಹೀಗೆ ಹೇಳಿದ್ದರೆ ನಾನು ಸೋದರಮಾವನ ಮಾತನ್ನೇ ನಂಬುತ್ತಿದ್ದೆ.

ದಾರಿಯಲ್ಲಿ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದೆವು. ಅಲ್ಲಿನ ಡಾಕ್ಟರು ಪರೀಕ್ಷೆ ಮಾಡಿ, ಬಹಳ ಹೊತ್ತು ಕೂರಿಸಿಕೊಂಡು, ಬೈದು ಕಳಿಸಿದರು. ಹುಡುಗ ಹಿಂದಿನ ಸೀಟಿನಲ್ಲಿ ಮಲಗಿದ. ನಾನು ಸೋದರಮಾವನಿಗೆ, ನಿಜ ಹೇಳಿಬಿಡಬಹುದಿತ್ತು, ಕುಡುಕ ಅನ್ನಿಸಿಕೊಂಡು ಬಂದನಲ್ಲ ಎಂದೆ.

“ಅಂಗೇ ಇರ್ಲಿ ಬುಡಿ ಸಾರ್,” ಎಂದ ಅವನು. “ಕುಡಿಯೋನ್ಗೆ ಎಣ್ಣು ಕೊಡ್ತಾರೆ. ಮದ್ವೆ ಆದ್ರೆ ಬುಡ್ತಾನೆ ಅಂತಾರೆ. ಸಕ್ಕರೆ ಇರೋನು ಏನ್ ಬುಟ್ಟಾನು?”

ಮರುದಿನ ಕ್ರಮದ ಪ್ರಕಾರ ಅವನ ನಿನ್ನೆಯ ಊಟ ಕೇಳಿದೆ. ಬೆಳಗ್ಗೆ ಮುದ್ದೆ, ಮಧ್ಯಾಹ್ನ ಇಲ್ಲ. ಹೆಣ್ಣಿನ ಮನೆಯ ಚಾಪೆಯ ಮೇಲೆ ಕುಳಿತದ್ದು ನೆನಪಿತ್ತು, ಅಲ್ಲಿಂದ ಕ್ಲಿನಿಕ್ಕಿನವರೆಗೆ ಏನೂ ನೆನಪಿರಲಿಲ್ಲ. ಕೇಸರಿಬಾತು ತಿಂದೆಯಲ್ಲ ಎಂದೆ. ಹೇಗಿತ್ತು ಸಾ ಎಂದು ನನ್ನನ್ನೇ ಕೇಳಿದ.

ಆ ಸಂಬಂಧ ಅಲ್ಲಿಗೆ ಮುರಿಯಿತು. ಆದರೆ ಮಾತು ಸೋದರಮಾವ ಹೇಳಿದ ಹಾಗೆಯೇ ಊರೂರು ದಾಟಿತು. ಕಿಕ್ಕೇರಿ ಕಡೆಯವರು ಬಂದು ವಿಚಾರಿಸಿದಾಗ ಟೀ ಅಂಗಡಿಯಲ್ಲಿ, ಒಳ್ಳೆಯ ಹುಡುಗ, ಎಲ್ಲೋ ಒಮ್ಮೊಮ್ಮೆ ಕುಡಿಯುತ್ತಾನಂತೆ ಎಂದರಂತೆ. ಅವರಿಗೆ ಅದು ದೊಡ್ಡ ದೋಷವಾಗಲಿಲ್ಲ. ಹುಡುಗಿ ಬಿ.ಕಾಂ. ಓದಿದವಳು, ಅವಳೂ ಒಪ್ಪಿದಳು. ಮದುವೆಗೆ ಮುಂಚೆ ಅವಳಿಗೆ ನಿಜ ಹೇಳು ಎಂದು ಅವನಿಗೆ ಹೇಳಿದೆ. ಹೇಳುತ್ತೇನೆ ಎಂದ. ನಾನೇ ಹೇಳಬೇಕೇ ಎಂದು ಮಾರ್ಗದರ್ಶಕರನ್ನು ಕೇಳಿದೆ. ಕೊಟ್ಟ ಮಾತು ಮುರಿದರೆ ನಾಳೆ ಯಾರೂ ನಮಗೆ ಬಾಗಿಲು ತೆರೆಯುವುದಿಲ್ಲ ಎಂದರು. ಅವರ ಮಾತು ತಪ್ಪಲ್ಲ. ಅವ್ವನನ್ನು ಕೇಳಿದೆ. ಮನೆಗೆ ಬಂದ ಮೇಲೆ ತಾನೇ ನಿಧಾನಕ್ಕೆ ಹೇಳುತ್ತೇನೆ, ಮೊದಲು ಅವಳು ಬಂದು ನೆಲೆಯೂರಲಿ ಎಂದಳು. ನಾನು ಯಾರಿಗೂ ಏನೂ ಹೇಳದಿರುವುದೆಂದು ತೀರ್ಮಾನಿಸಿದೆ.

ಮದುವೆಗೆ ಹೋಗಿದ್ದೆ. ಭೂಮದೂಟಕ್ಕೆ ಹೆಣ್ಣು ಗಂಡನ್ನು ಒಂದೇ ಎಲೆಗೆ ಕೂರಿಸಿ ಒಬ್ಬರಿಗೊಬ್ಬರು ತಿನ್ನಿಸಲು ಹೇಳಿ ಸುತ್ತ ನಿಂತವರು ಕೂಗುತ್ತಿದ್ದರು. ಹುಡುಗಿ ಲಾಡು ಎತ್ತಿದಾಗ ಅವನು ದೊಡ್ಡದಾಗಿ ಬಾಯಿ ತೆರೆದ, ಎಲ್ಲರೂ ನಕ್ಕರು.

ಕೊನೆಯ ಸುತ್ತಿನ ಭೇಟಿಗಳು ಮುಂದಿನ ಕಬ್ಬಿನ ಕಾಲಕ್ಕೆ ಬಂದವು. ಆ ಮನೆಗೆ ಹೋದಾಗ ಇಳಿಹೊತ್ತು. ಹುಡುಗ ಜಗುಲಿಯ ಮೇಲೆ ಕಾಲು ಚಾಚಿ ಕುಳಿತಿದ್ದ. ಹಿಮ್ಮಡಿಗೆ ಬಟ್ಟೆ ಕಟ್ಟಿದ್ದ. ಕಡಿದ ಕಬ್ಬಿನ ಕೂಳೆ ಚುಚ್ಚಿದ್ದು, ಮಾಯುತ್ತಿಲ್ಲ ಎಂದ. ಯಾವಾಗ ಚುಚ್ಚಿದ್ದು ಎಂದರೆ ಸರಿಯಾಗಿ ಹೇಳಲಿಲ್ಲ. ಅವ್ವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವಳು ನನ್ನನ್ನು ಕಂಡು ಮುಖ ತಿರುಗಿಸಿದಳು. ಅವನ ಹೆಂಡತಿ ಟೀ ತಂದಳು. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು. ಒಳಗೆ ಒಲೆಯ ಪಕ್ಕ ಹೊಸ ಸ್ಟೀಲಿನ ಸಕ್ಕರೆ ಡಬ್ಬ ಕಾಣುತ್ತಿತ್ತು.

ಅವಳು ಮಾತುಗಾತಿ. ನಾನು ಕೇಳುವ ಮೊದಲೇ ಹೇಳಿದಳು. ಗಂಡನ ಕುಡಿತ ಬಿಡಿಸಿಬಿಟ್ಟಿದ್ದಾಳೆ. ಅವಳ ದೊಡ್ಡಪ್ಪನೂ ಹೀಗೇ ಬಿಟ್ಟಿದ್ದಂತೆ. ಸಂಜೆ ಕುಡಿಯಬೇಕು ಅನ್ನಿಸುವ ಹೊತ್ತಿಗೆ ಬಾಯಿಗೆ ಸಿಹಿ ಹಾಕಿದರೆ ಆ ಚಪಲ ಹೋಗುತ್ತದೆ.

“ಒತ್ತು ಮುಳುಗ್ತಿದ್ದಂಗೆ ಒಂದು ಅಚ್ಚು ಬೆಲ್ಲ ಕೊಟ್ಬುಡ್ತೀನಿ ಸಾರ್. ಗಾಡಿಗೆ ಓಗೋವಾಗ ಜೇಬಿಗೂ ಮಡಗ್ತೀನಿ. ಮದ್ವೆ ಆದ್ಮೇಲೆ ಒಂದಿನಾನೂ ಮುಟ್ಟಿಲ್ಲ, ಕೇಳಿ ಬೇಕಾರೆ.”

ಅವಳು ಒಳಗೆ ಹೋದಾಗ ನಾನು ಅವನತ್ತ ಬಗ್ಗಿ, ಇವತ್ತೇ ಹೇಳು, ಇಲ್ಲವೇ ನಾನು ಹೇಳಲು ಒಪ್ಪಿಗೆ ಕೊಡು, ಕಾಲನ್ನಾದರೂ ಮೈಸೂರಿಗೆ ತೋರಿಸೋಣ ಎಂದೆ. ಅವನು ದನಿ ತಗ್ಗಿಸಿದ.

“ಏನಂತ ಏಳ್ತೀರ ಸಾ? ಕುಡುಕ ಅಂತ ಗೊತ್ತಿದ್ದೇ ಬಂದವ್ಳೆ. ಬುಡಿಸ್ಬುಟ್ಟೆ ಅಂತ ತೌರ್ಮನೆಗೆಲ್ಲ ಏಳ್ಕಂಡು ಖುಸಿಯಾಗವ್ಳೆ. ‘ಬುಡ್ಸಕ್ಕೆ ಏನೂ ಇರ್ನಿಲ್ಲ ಕಣಮ್ಮಿ, ಇರೋದು ಬುಡ್ಸಕ್ಕಾಗ್ದೇ ಇರೋದು’ ಅನ್ಲಾ?”

“ಅವ್ವ ಹೇಳುತ್ತೇನೆ ಅಂದಿದ್ದರು.”

“ಅವ್ವಂಗೆ ಈಗ ಒಲೆ ತಾವ ಜಾಗಿಲ್ಲ ಸಾ. ‘ವಯಸ್ಸಾಯ್ತು, ಕೂತ್ಕಳಿ ಅತ್ತೆ’ ಅಂತ ಇವಳೇ ಎಲ್ಲ ಮಾಡ್ತಾಳೆ. ಒಳ್ಳೇವ್ಳು.”

ಕಾಲಿನ ವಿಷಯ ಮತ್ತೆ ಎತ್ತಿದೆ. ಕಬ್ಬು ಮುಗಿಯಲಿ ಎಂದ. ನಾನು ಪ್ರಶ್ನೆಪತ್ರ ತೆಗೆದೆ. ಅದು ನನ್ನ ಕೆಲಸ, ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಮೊದಲ ಸುತ್ತು ಆಯಿತು. ಎರಡನೆಯ ಸುತ್ತಿನಲ್ಲಿ ಕೆದಕಲು ಏನೂ ಇರಲಿಲ್ಲ, ಅವಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೆನಪಿಸುತ್ತಿದ್ದಳು. ಅಷ್ಟು ಪೂರ್ತಿಯಾದ ಉತ್ತರ ನಾಲ್ಕು ತಾಲ್ಲೂಕಿನಲ್ಲಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅಳತೆಗೆ ಬಂದಾಗ ನನ್ನ ಚೀಲದಲ್ಲಿ ಬೆಲ್ಲಕ್ಕೆ ಮಾದರಿ ಇರಲಿಲ್ಲ. ಅವಳೇ ಒಳಗಿಂದ ಎರಡು ಅಚ್ಚು ತಂದಳು. ಒಂದನ್ನು ಇಷ್ಟು ನೋಡಿ ಎಂದು ನನ್ನ ಅಂಗೈಯಲ್ಲಿಟ್ಟಳು. ಹೊತ್ತು ಮುಳುಗುತ್ತಿತ್ತು, ಇನ್ನೊಂದನ್ನು ಗಂಡನಿಗೆ ಕೊಟ್ಟಳು. ಅವನು ಬಾಯಿಗೆ ಹಾಕಿಕೊಂಡ.

ಉಳಿದದ್ದು ಒಂದೇ ಪ್ರಶ್ನೆ. ಒಳ್ಳೆಯ ಆಹಾರ ತಿನ್ನಲು ಮನೆಯವರ ಬೆಂಬಲ ಇದೆಯೇ ಎಂದು ಓದಿದೆ.

“ಬಾಳ ಅದೆ ಅಂತ ಬರ್ಕಳಿ ಸಾರ್,” ಎಂದಳು ಅವಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ.

ಕ್ರಮದ ಪ್ರಕಾರ ಉತ್ತರ ಅವನಿಂದಲೇ ಬರಬೇಕು. ಅವನತ್ತ ನೋಡಿದೆ. ಬೆಲ್ಲವನ್ನು ಒಂದು ದವಡೆಗೆ ಒತ್ತಿಕೊಂಡು ತಲೆಯಾಡಿಸಿದ. ಅದನ್ನು ನಾನು ಸರಿಯಾಗಿ ನೋಡಿದ್ದೇನೆ. ‘ಬಹಳ’ ಎಂಬುದಕ್ಕೆ ಗುರುತು ಹಾಕಿದೆ.